ತೋಟದ ಮನೆಗೆ ಅತಿಥಿ ಕರೆಯೋ ಮುಂಚೆ ಅವೆನ್ಯೂ ರಸ್ತೆಗೆ ಒಂದು ಸುತ್ತು ಹೋಗಿ ಬನ್ನಿ

ಈಚೆಗೆ ನನಗೆ ವಾಟ್ಸಾಪ್‌ನಲ್ಲಿ ಎಲೆ ಮುಟುರು ರೋಗದ ಫೋಟೋಗಳಿಗಿಂತ ಹೆಚ್ಚಾಗಿ ಬರ್ತಿರೋದು ಒಂದೇ ಪ್ರಶ್ನೆ: "ಅಕ್ಕಾ, ತೋಟದ ಮನೇಲಿ ಒಂದು ರೂಮು ಖಾಲಿ ಇದೆ, ಹೋಮ್‌ಸ್ಟೇ ಮಾಡಬಹುದಾ?" ಅದರ ಹಿಂದೆಯೇ ಇನ್ನೊಂದು ಮೆಸೇಜು: "ಬ್ಯಾಂಕಲ್ಲಿ ಸಾಲ ಸಿಗುತ್ತಂತೆ, ಎರಡು ಕಾಟೇಜ್ ಕಟ್ಟಿಬಿಡ್ಲಾ?"

ಮೊದಲ ಪ್ರಶ್ನೆಗೆ ನನ್ನ ಉತ್ತರ, ಮಾಡಿ. ಎರಡನೇದಕ್ಕೆ, ಈಗಲೇ ಬೇಡ. ಇರೋ ಕೋಣೆಯಲ್ಲಿ ಎರಡು ವರ್ಷ ಅತಿಥಿಗಳನ್ನ ನೋಡ್ಕೊಂಡು, ಅದರ ಲೆಕ್ಕ ಬರೆದು, ಆಮೇಲೆ ಕಟ್ಟೋ ವಿಚಾರ ಮಾಡಿ. ಯಾಕೆ ಅಂತ ಕೆಳಗೆ ಅಂಕಿ ಸಮೇತ ಬರ್ದಿದೀನಿ.

ಸಾಲದ ಮಾತು ಸುಮ್ಮನೆ ಹುಟ್ಟಿದ್ದಲ್ಲ. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ಹೋಮ್‌ಸ್ಟೇಗಳಿಗೂ ಮುದ್ರಾ ಸಾಲ ಕೊಡ್ತೀವಿ ಅಂತ ಘೋಷಣೆ ಆಯ್ತು. ಒಳ್ಳೇದೇ. ಆದರೆ ಸಾಲ ಸಿಗೋದು ಬೇರೆ, ತೀರ್ಸೋಕೆ ಆಗೋದು ಬೇರೆ. ನಮ್ಮಲ್ಲಿ ಬೋರ್‌ವೆಲ್ ಸಾಲ, ಪಾಲಿಹೌಸ್ ಸಾಲ ಎರಡನ್ನೂ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಂಕಿ ಏನು ಹೇಳುತ್ತೆ

ಒಂದು ಉದಾಹರಣೆ ಲೆಕ್ಕ ಹಾಕೋಣ. ನಿಮ್ಮ ಊರಿಗೆ ತಕ್ಕಂತೆ ಅಂಕಿ ಬದಲಾಯಿಸಿಕೊಳ್ಳಿ. ಒಂದು ಕೋಣೆ, ಇಬ್ಬರು ಅತಿಥಿಗಳು. ಊಟ ತಿಂಡಿ ಸೇರಿ ತಲೆಗೆ 1,500 ರೂಪಾಯಿ ಅಂದ್ರೆ ಒಂದು ರಾತ್ರಿಗೆ 3,000. ಖರ್ಚು? ದಿನಸಿ, ಹಾಲು, ಗ್ಯಾಸ್‌ಗೆ 500. ಬಟ್ಟೆ ಒಗೆಯೋಕೆ 150. ಅಡುಗೆ ಮತ್ತು ಕ್ಲೀನಿಂಗ್ ಕೂಲಿ 400. ಆ್ಯಪ್ ಕಮಿಷನ್ ಅಥವಾ ರಿಯಾಯಿತಿ ಅಂತ 300. ಕರೆಂಟು, ಸೋಪು, ಸವಕಳಿ 150. ಒಟ್ಟು 1,500. ಉಳಿಯೋದು 1,500.

ಹೊಸಬರಿಗೆ ವಾರದ ದಿನಗಳಲ್ಲಿ ಯಾರೂ ಬರಲ್ಲ ಅಂತಲೇ ಇಟ್ಕೊಳ್ಳಿ. ಶನಿವಾರ ರಾತ್ರಿ ಮಾತ್ರ, ಅದೂ ಎಲ್ಲಾ ಶನಿವಾರ ಅಲ್ಲ. ವರ್ಷಕ್ಕೆ 30 ರಾತ್ರಿ ಅನ್ನಿ. ಕೈಗೆ ಬರೋದು 45,000. ಇರೋ ಕೋಣೆಗೆ ಸುಣ್ಣ ಬಣ್ಣ, ಟಾಯ್ಲೆಟ್ ರಿಪೇರಿ, ಹಾಸಿಗೆ, ಬಿಸಿನೀರಿನ ವ್ಯವಸ್ಥೆಗೆ ಒಂದು 80,000 ಆದ್ರೆ ಎರಡು ವರ್ಷದೊಳಗೆ ವಾಪಸ್ ಬಂತು. ಯಾರೂ ಬರ್ಲಿಲ್ಲ ಅಂದ್ರೂ ಮನೆಗೊಂದು ಒಳ್ಳೆ ಬಚ್ಚಲು ಆಯ್ತು, ನಷ್ಟ ಏನಿಲ್ಲ.

ಈಗ ಇನ್ನೊಂದು ಕಡೆ ನೋಡಿ. 10 ಲಕ್ಷ ಸಾಲ, 11 ಪರ್ಸೆಂಟ್ ಬಡ್ಡಿ, 7 ವರ್ಷ. ತಿಂಗಳ ಕಂತು ಸುಮಾರು 17,100. ವರ್ಷಕ್ಕೆ ಎರಡು ಲಕ್ಷದ ಐದು ಸಾವಿರ ಚಿಲ್ಲರೆ. ರಾತ್ರಿಗೆ 1,500 ಉಳಿತಾಯದಲ್ಲಿ ಬರೀ ಕಂತು ಕಟ್ಟೋಕೇ 137 ರಾತ್ರಿ ಬುಕಿಂಗ್ ಬೇಕು. ಎರಡು ಕಾಟೇಜ್ ಇದ್ರೆ ಒಂದೊಂದಕ್ಕೆ 68-69 ರಾತ್ರಿ. ವರ್ಷಕ್ಕೆ ಶನಿವಾರಗಳೇ 52! ಶುಕ್ರವಾರ ರಾತ್ರಿಯೂ ಸೇರಿಸಿದ್ರೆ 104. ಅದರಲ್ಲಿ ಮಳೆ, ಪರೀಕ್ಷೆ, ಪಿತೃಪಕ್ಷ, ಮನೇಲಿ ಸೂತಕ, ಊರ ಹಬ್ಬ ಎಲ್ಲಾ ಕಳೀಬೇಕು. ಅಷ್ಟು ದುಡಿದ ಮೇಲೂ ನಿಮಗೆ ಉಳಿಯೋದು ಸೊನ್ನೆ.

ಕೊಡಗು, ಚಿಕ್ಕಮಗಳೂರಿನ ಕಥೆ ಇದಕ್ಕೆ ಒಳ್ಳೆ ಪಾಠ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಅಲ್ಲಿನ ಬೆಳೆಗಾರರು ತಮ್ಮ ಮನೆಯ ಕೋಣೆಗಳನ್ನೇ ಅತಿಥಿಗಳಿಗೆ ಬಿಟ್ಟುಕೊಟ್ರು. ಮನೆ ಇತ್ತು, ತೋಟ ಇತ್ತು, ಅಡುಗೆ ಗೊತ್ತಿತ್ತು. ಹೊಸ ಬಂಡವಾಳ ಕಮ್ಮಿ. ಅದಕ್ಕೇ ನಿಂತ್ಕೊಂಡ್ರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತ ಆದಾಗ, 2020ರಲ್ಲಿ ಲಾಕ್‌ಡೌನ್ ಬಂದಾಗ ಅತಿಥಿಗಳು ಒಂದೇ ಸಲಕ್ಕೆ ನಿಂತುಹೋದರು. ಕಾಫಿ, ಮೆಣಸು ಇದ್ದವರಿಗೆ ಹೇಗೋ ನಡೀತು. ಕಂತು ಮಾತ್ರ ಇದ್ದವರ ಪಾಡು ಯೋಚನೆ ಮಾಡಿ.

ಇಟಲಿಯಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿ ರೈತರ ಮನೆ ವಾಸ್ತವ್ಯಕ್ಕೆ 'ಅಗ್ರಿತುರಿಸ್ಮೊ' ಅಂತಾರೆ. 1985ರಲ್ಲಿ ಮಾಡಿದ ಕಾನೂನಿನ ತಿರುಳು ಇಷ್ಟೇ: ಕೃಷಿಯೇ ಮುಖ್ಯ ಕಸುಬಾಗಿರಬೇಕು, ಅತಿಥಿ ಸತ್ಕಾರ ಅದರ ಪಕ್ಕದಲ್ಲಿರಬೇಕು. ನಮ್ಮಲ್ಲಿ ಅಂಥ ಕಟ್ಟುನಿಟ್ಟು ಇಲ್ಲದಿದ್ರೂ ಆ ಮಾತನ್ನ ನಾವೇ ಪಾಲಿಸೋದು ಒಳ್ಳೇದು. ಪಟ್ಟಣದವರು ದುಡ್ಡು ಕೊಟ್ಟು ಬರೋದು ತೋಟ ನೋಡೋಕೆ. ತೋಟ ಒಣಗಿದ್ರೆ ಕೋಣೆಗೆ ಯಾರು ಬರ್ತಾರೆ?

ಆ 400 ರೂಪಾಯಿ ಕೂಲಿ ಯಾರದು?

ಮೇಲಿನ ಲೆಕ್ಕದಲ್ಲಿ ಕೂಲಿ 400 ಅಂತ ಬರೆದಿದೀನಿ ನೋಡಿ, ಹೋಮ್‌ಸ್ಟೇ ಮಾಡೋ ಹತ್ತು ಜನರಲ್ಲಿ ಎಂಟು ಜನ ಅದನ್ನ ಬರೆಯೋದೇ ಇಲ್ಲ ಅಂತ ನನ್ನ ಅನಿಸಿಕೆ. ಯಾಕಂದ್ರೆ ಆ ಕೆಲಸ ಅಮ್ಮ ಮಾಡ್ತಾರೆ, ಅಥವಾ ಹೆಂಡತಿ. ಬುಕಿಂಗ್ ತಗೊಳ್ಳೋದು, ಫೋಟೋ ಹಾಕೋದು, ಅತಿಥಿಗಳ ಜೊತೆ ಬೆಂಕಿ ಮುಂದೆ ಕೂತು ಮಾತಾಡೋದು ನಮ್ಮ ಹುಡುಗರು. ಬೆಳಗ್ಗೆ ಐದಕ್ಕೆದ್ದು ಹನ್ನೆರಡು ಜನಕ್ಕೆ ಅಕ್ಕಿರೊಟ್ಟಿ ತಟ್ಟೋದು ಒಳಗಿರೋರು. ಅದೇ ದಿನ ಹಸು ಕರೀಬೇಕು, ಆಳುಗಳಿಗೆ ಊಟ ಕಳಿಸಬೇಕು, ಮಗೂನ ಸ್ಕೂಲಿಗೆ ರೆಡಿ ಮಾಡಬೇಕು.

ಒಂದು ಜೋಡಿ ಅತಿಥಿ ಒಂದು ರಾತ್ರಿ ಉಳಿದ್ರೆ ಎಷ್ಟು ಕೆಲಸ ಅಂತ ನಮ್ಮ ಮನೇಲಿ ಗಡಿಯಾರ ಇಟ್ಟು ನೋಡಿದ್ವಿ. ಕೋಣೆ ಸಿದ್ಧ ಮಾಡೋದು, ಮೂರು ಹೊತ್ತಿನ ಅಡುಗೆ, ಪಾತ್ರೆ, ತೋಟ ತೋರಿಸೋದು, ಹೋದ ಮೇಲೆ ಒಗೆದು ಒಣಗಿಸೋದು ಎಲ್ಲಾ ಸೇರಿ ಹತ್ತು ಗಂಟೆ ಹತ್ತಿರ ಬಂತು. ಅದರಲ್ಲಿ ತೋಟ ತೋರಿಸೋ ಒಂದೂವರೆ ಗಂಟೆ ಮಾತ್ರ ಗಂಡಸರ ಕೆಲಸ. ಆವತ್ತಿಂದ ಅಡುಗೆ ಮಾಡಿದವರ ಹೆಸರಲ್ಲಿ ಕೂಲಿ ಬರೆದು, ಅವರ ಬ್ಯಾಂಕ್ ಖಾತೆಗೇ ಹಾಕ್ತೀವಿ. ಪಾತ್ರೆ ಮತ್ತು ಕ್ಲೀನಿಂಗ್‌ಗೆ ಊರಿನ ಒಬ್ಬರು ಬರ್ತಾರೆ, ಅವರಿಗೂ ಆವತ್ತೇ ಕೂಲಿ. ಕೂಲಿ ಬರೆದ ಮೇಲೂ ಲಾಭ ಉಳಿದ್ರೆ ಮಾತ್ರ ಅದು ಲಾಭ. ಇಲ್ಲಾಂದ್ರೆ ಮನೆ ಹೆಂಗಸರ ಬೆವರನ್ನ ಮಾರಿ ಕಂತು ಕಟ್ತಿದೀರ ಅಂತ ಅರ್ಥ, ಬೇಜಾರಾದ್ರೂ ಪರವಾಗಿಲ್ಲ ಹೇಳ್ತೀನಿ. ಶುರು ಮಾಡೋ ಮುಂಚೆ ಮನೆಯ ಹೆಂಗಸರನ್ನ ಕೂರಿಸಿ ಕೇಳಿ. "ತಿಂಗಳಿಗೆ ಎಷ್ಟು ಸಲ ಆಗುತ್ತೆ?" ಅವರು ಎರಡು ಅಂದ್ರೆ ಎರಡೇ.

ಮೊದಲ ಖರೀದಿ ಮಂಚ ಅಲ್ಲ, ಪುಸ್ತಕ

ಈ ಲೆಕ್ಕ ಎಲ್ಲಾ ಫೋನಲ್ಲಿ ಬರೆದಿಟ್ಕೊಂಡ್ರೆ ನಡೆಯಲ್ವಾ ಅಂತ ಕೇಳ್ತೀರಿ. ನಡೆಯುತ್ತೆ, ಆದರೆ ಫೋನು ನಿಮ್ಮ ಜೇಬಲ್ಲಿರುತ್ತೆ, ಅಡುಗೆಮನೆಯಲ್ಲಿರೋ ಅಮ್ಮನ ಕೈಗೆ ಸಿಗಲ್ಲ. ಗೋಡೆಗೆ ನೇತು ಹಾಕಿದ ಪುಸ್ತಕದಲ್ಲಿ ಎಲ್ಲರೂ ಬರೀಬಹುದು. ಪೊಲೀಸರು ಬಂದು ಕೇಳಿದ್ರೂ ತೋರಿಸಬೇಕಾಗಿರೋದು ರಿಜಿಸ್ಟರ್.

ಅದಕ್ಕೇ ಬೆಂಗಳೂರು ಸುತ್ತಮುತ್ತಲಿನವರಿಗೆ ನಾನು ಹೇಳೋದು, ಒಂದು ದಿನ ಅವೆನ್ಯೂ ರಸ್ತೆಗೆ ಹೋಗಿ ಬನ್ನಿ. ಕೆ.ಆರ್. ಮಾರುಕಟ್ಟೆಗೆ ತರಕಾರಿ, ಹೂವು ಹಾಕೋರಿಗಂತೂ ಬೇರೆ ಪ್ರಯಾಣವೇ ಬೇಡ. ಮಾರುಕಟ್ಟೆಯಿಂದ ಮೈಸೂರು ಬ್ಯಾಂಕ್ ವೃತ್ತದವರೆಗೆ ಹೋಗೋ ರಸ್ತೆ ಇದು, ಹಳೇ ಹೆಸರು ದೊಡ್ಡಪೇಟೆ. ದೊಡ್ಡಪೇಟೆ, ಚಿಕ್ಕಪೇಟೆ ಸೇರೋ ಚೌಕದಲ್ಲಿ 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದ್ರು, ಆ ಸಾಲುಗಳೇ ಬೀದಿಗಳಾದವು ಅನ್ನೋದು ಪ್ರತೀತಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತಿಗಳರಪೇಟೆ ಅಂತ ಸುತ್ತಲಿನ ಹೆಸರುಗಳನ್ನ ಕೇಳಿದ್ರೆ ಈ ಪೇಟೆ ಯಾರ ಬೆಳೆಯ ಮೇಲೆ ಬೆಳೀತು ಅಂತ ಗೊತ್ತಾಗುತ್ತೆ. ಅತಿಥಿ ಸತ್ಕಾರವೂ ಇಲ್ಲಿ ಹೊಸದಲ್ಲ. ರೈಲ್ವೇ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿ ಎಷ್ಟೋ ಪ್ರಯಾಣಿಕರಿಗೆ ತಂಗೋಕೆ ಜಾಗ ಮಾಡಿಕೊಟ್ಟ ಗುಬ್ಬಿ ತೋಟದಪ್ಪನವರು ಇದೇ ಪೇಟೆಯಲ್ಲಿ ವ್ಯಾಪಾರ ಮಾಡ್ತಿದ್ದವರು.

ಮಾರುಕಟ್ಟೆ ಬೆಳಗಿನ ಜಾವಕ್ಕೇ ಮುಗಿದ್ರೂ ಅವೆನ್ಯೂ ರಸ್ತೆ ಅಂಗಡಿಗಳು ಬಾಗಿಲು ತೆಗೆಯೋದು ಹತ್ತು ಗಂಟೆ ಮೇಲೆ. ಮಧ್ಯದ ಹೊತ್ತಲ್ಲಿ ತಿಂಡಿ ಮುಗಿಸ್ಕೊಳ್ಳಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ಫುಟ್‌ಪಾತ್ ವ್ಯಾಪಾರದ್ದೇ ಜಾತ್ರೆ. ಗಾಡಿಯನ್ನ ರಸ್ತೆಯೊಳಗೆ ನುಗ್ಗಿಸೋ ಸಾಹಸವೂ ಬೇಡ, ಮಾರುಕಟ್ಟೆ ಹತ್ತಿರ ನಿಲ್ಲಿಸಿ ನಡೀರಿ. ಬಸ್ಸಲ್ಲಿ ಬರೋರಿಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಎರಡು ನಿಲ್ದಾಣ ಇದೆ.

ತಗೋಬೇಕಾದ್ದು ಎರಡು ಪುಸ್ತಕ. ಒಂದು, ಅತಿಥಿಗಳ ರಿಜಿಸ್ಟರ್. ಲಾಡ್ಜ್‌ನವರು ಬಳಸೋ ಅಚ್ಚಾದ ರಿಜಿಸ್ಟರೇ ಸಿಗುತ್ತೆ: ಹೆಸರು, ವಿಳಾಸ, ಫೋನು, ಎಷ್ಟು ಜನ, ಎಲ್ಲಿಂದ ಬಂದ್ರು, ಎಲ್ಲಿಗೆ ಹೊರಟ್ರು, ಬಂದ ಹೊತ್ತು, ಹೋದ ಹೊತ್ತು, ಗುರುತಿನ ಚೀಟಿ, ಸಹಿ. ಗಾಡಿ ನಂಬರಿಗೆ ಒಂದು ಕಾಲಂ ನೀವೇ ಗೆರೆ ಎಳ್ಕೊಳ್ಳಿ. ಎರಡು, ಹತ್ತು ಹನ್ನೆರಡು ಕಾಲಂ ಇರೋ ಲೆಕ್ಕದ ಪುಸ್ತಕ. ಅದರಲ್ಲಿ ಅಮ್ಮನ ಕೂಲಿಗೆ, ಹೆಂಡತಿ ಕೂಲಿಗೆ ಬೇರೆ ಬೇರೆ ಕಾಲಂ. ತೋಟದಿಂದ ಅಡುಗೆಮನೆಗೆ ಹೋದ ತರಕಾರಿಗೂ ಒಂದು, ಮಾರುಕಟ್ಟೆ ರೇಟಲ್ಲಿ. ಮನೇದೇ ಸೊಪ್ಪು ಅಂತ ಬಿಟ್ರೆ ಲೆಕ್ಕ ಸುಳ್ಳಾಗುತ್ತೆ. ಬಿಲ್ ಪುಸ್ತಕಕ್ಕೆ ತೋಟದ ಹೆಸರು ಅಚ್ಚು ಹಾಕಿಸೋದಾದ್ರೆ ಅಲ್ಲೇ ಒಳಗಲ್ಲಿಗಳಲ್ಲಿ ಪ್ರೆಸ್‌ಗಳಿವೆ, ಕೆಲವು ದಿನ ಬೇಕು ಅಂತಾರೆ, ಮುಂದಿನ ಲೋಡಿಗೆ ಬಂದಾಗ ತಗೊಂಡ್ರಾಯ್ತು. ಹಳೇ ಪುಸ್ತಕದ ಅಂಗಡಿಯಿಂದ ಮಕ್ಕಳ ಕಥೆ ಪುಸ್ತಕ ಒಂದು ಹತ್ತು ತಗೊಳ್ಳಿ. ನೆಟ್‌ವರ್ಕ್ ಸಿಗದ ತೋಟದಲ್ಲಿ ಮಳೆ ಹಿಡಿದಾಗ ಅವು ಟಿವಿಗಿಂತ ಹೆಚ್ಚು ಕೆಲಸಕ್ಕೆ ಬರ್ತವೆ.

ಚಿಕ್ಕಪೇಟೆಯಲ್ಲಿ ಹಾಸಿಗೆ ಬಟ್ಟೆ. ಒಂದು ಮಂಚಕ್ಕೆ ಮೂರು ಜೊತೆ: ಒಂದು ಹಾಸಿರೋದು, ಒಂದು ಒಗೆಯೋಕೆ ಹೋಗಿರೋದು, ಒಂದು ಬೀರುವಿನಲ್ಲಿ. ಮಲೆನಾಡಿನವರಿಗೆ ನಾಲ್ಕು, ಜುಲೈಯಲ್ಲಿ ಬಟ್ಟೆ ಒಣಗೋದು ನಿಮ್ಮ ಕೈಲಿಲ್ಲ. ಬಿಳಿ ಹತ್ತಿ ಬಟ್ಟೆಯೇ ಒಳ್ಳೇದು. ಕೊಳೆ ಕಂಡ್ರೆ ಬಿಸಿನೀರಲ್ಲಿ ನೆನೆಸಬಹುದು, ಅತಿಥಿಗೂ ಕಣ್ಣಿಗೆ ಶುಚಿ ಅನ್ಸುತ್ತೆ. ಕೆಂಪು ಮಣ್ಣಿನ ನಮ್ಮಂಥ ಊರಲ್ಲಿ ಕಾಲೊರೆಸೋ ಬಟ್ಟೆ ಮಾತ್ರ ಕಂದು ಬಣ್ಣದ್ದು ತಗೊಳ್ಳಿ.

ಕರೆಂಟ್ ಸಾಮಾನಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹತ್ತಿರದಲ್ಲೇ ಇದೆ. ಬಣ್ಣದ ಲೈಟಿಗೆ ದುಡ್ಡು ಹಾಕೋ ಮುಂಚೆ ಒಂದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ತಗೊಂಡು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಅರ್ತಿಂಗ್ ಸರಿ ಇದೆಯಾ ನೋಡಿಸಿ. ಗೀಸರ್‌ನಲ್ಲಿ ಶಾಕ್ ಹೊಡೆದ್ರೆ ಮನುಷ್ಯನನ್ನ ಉಳಿಸೋದು ಅದು. ಏಸಿ ಬೇಡ. ಪ್ಲಾಸ್ಟಿಕ್ ಹೂವಿನ ಬಳ್ಳಿಯಂತೂ ಬೇಡವೇ ಬೇಡ, ತೋಟ ಇಟ್ಕೊಂಡು ಅದನ್ನ ಯಾಕೆ ನೇತು ಹಾಕ್ತಾರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಕಾಗದ ಪತ್ರ

ಹೋಮ್‌ಸ್ಟೇ ಅಂದ್ರೆ ಮಾಲೀಕರ ಕುಟುಂಬ ವಾಸ ಇರೋ ಮನೆಯಲ್ಲಿ ಅತಿಥಿಗೆ ಜಾಗ ಕೊಡೋದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ 1ರಿಂದ 6 ಕೋಣೆವರೆಗೆ ಅವಕಾಶ, ಮಾಲೀಕರು ಅಲ್ಲೇ ಇರಬೇಕು. ನಮ್ಮ ರಾಜ್ಯದಲ್ಲಿ ಹೋಮ್‌ಸ್ಟೇ ನೋಂದಣಿ ಮಾಡೋದು ಪ್ರವಾಸೋದ್ಯಮ ಇಲಾಖೆ. ಜಿಲ್ಲಾ ಕೇಂದ್ರದಲ್ಲಿರೋ ಇಲಾಖೆ ಕಚೇರಿಗೆ ಒಮ್ಮೆ ಖುದ್ದಾಗಿ ಹೋಗಿ ಈಗಿನ ಅರ್ಜಿ, ಶುಲ್ಕ, ದಾಖಲೆ ಪಟ್ಟಿ ಬರೆದು ತನ್ನಿ. ಗ್ರಾಮ ಪಂಚಾಯತಿ ಮತ್ತು ಪೊಲೀಸ್ ಠಾಣೆಯನ್ನ ಬಿಟ್ಟು ಮುಂದೆ ಹೋಗಬೇಡಿ. ಠಾಣೆಯವರಿಗೆ ನಿಮ್ಮ ಮುಖ, ಫೋನ್ ನಂಬರ್ ಗೊತ್ತಿದ್ರೆ ರಾತ್ರಿ ಹೊತ್ತು ಏನಾದ್ರೂ ಆದಾಗ ಅನುಕೂಲ. ಕಾಡಂಚಿನ ಊರಿನವರು ಪರಿಸರ ಸೂಕ್ಷ್ಮ ವಲಯದೊಳಗೆ ಬರ್ತೀವಾ ಅಂತ ಅರಣ್ಯ ಇಲಾಖೆಯಲ್ಲೂ ಕೇಳ್ಬೇಕು.

ಜಮೀನಿನ ವಿಷಯ ಜಾಗ್ರತೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನಲ್ಲಿ ರೈತ ತನ್ನ ವಾಸಕ್ಕೆ, ಕೃಷಿ ಕೆಲಸಕ್ಕೆ ತೋಟದ ಮನೆ ಕಟ್ಕೋಬಹುದು. ಬಾಡಿಗೆಗೆ ಅಂತಲೇ ಸಾಲು ಕಾಟೇಜ್ ಎಬ್ಬಿಸಿದ್ರೆ ಅದು ಕೃಷಿಯೇತರ ಬಳಕೆ, ಭೂ ಪರಿವರ್ತನೆ ಪ್ರಶ್ನೆ ಬರುತ್ತೆ. ಸಾಲ ತಗೊಂಡು ಕಟ್ಟಿದ ಮೇಲೆ ನೋಟಿಸ್ ಬಂದ್ರೆ ಕಂತೂ ನಿಲ್ಲಲ್ಲ, ವ್ಯವಹಾರವೂ ನಡೆಯಲ್ಲ. ಹಾಗೆಯೇ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಕೊಡೋ ಉಚಿತ ಕರೆಂಟಿಂದ ಅತಿಥಿಗಳ ಕೋಣೆಗೆ ವೈರ್ ಎಳೀಬೇಡಿ. ಅದು ಕೃಷಿಗೆ ಕೊಟ್ಟಿದ್ದು.

ಊಟ ಕೊಡ್ತೀರಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ. ಸಣ್ಣ ಪ್ರಮಾಣದವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ, ಅರ್ಜಿ ಫೋನಲ್ಲೇ ಹಾಕಬಹುದು. ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ. ಜಿಎಸ್‌ಟಿ ಬಗ್ಗೆ ಭಯ ಬೇಡ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋವರೆಗೆ ನೋಂದಣಿ ಬೇಕಾಗಿಲ್ಲ. ನೋಂದಣಿ ಇಲ್ಲದವರ ಕೋಣೆ ಆ್ಯಪ್ ಮೂಲಕ ಬುಕ್ ಆದ್ರೆ ತೆರಿಗೆ ವಸೂಲಿ ಮಾಡಿ ಕಟ್ಟೋದು ಆ ಕಂಪನಿಯ ಜವಾಬ್ದಾರಿ. ಆದಾಯ ತೆರಿಗೆಯಲ್ಲಿ ಮಾತ್ರ ಒಂದು ನೆನಪಿಡಿ, ಕೃಷಿ ಆದಾಯಕ್ಕಿರೋ ವಿನಾಯಿತಿ ಕೋಣೆ ಬಾಡಿಗೆಗೆ ಇಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಕಲಸಬೇಡಿ.

ವಿದೇಶದವರು ಉಳಿದ್ರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಫಾರ್ಮ್ ತುಂಬಬೇಕು. ಒಬ್ಬರು ಒಂದೇ ರಾತ್ರಿ ಉಳಿದ್ರೂ ಸರಿ, ನಿಮ್ಮ ಅಣ್ಣನ ಅಮೆರಿಕದ ಸ್ನೇಹಿತ ಆದ್ರೂ ಸರಿ. ನಮ್ಮವರ ಆಧಾರ್ ಕೇಳುವಾಗ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಸಾಕು ಅನ್ನಿ. ವೋಟರ್ ಕಾರ್ಡ್, ಡಿಎಲ್ ಆದ್ರೂ ನಡೆಯುತ್ತೆ. ಅತಿಥಿಗಳ ಕಾರ್ಡ್ ಫೋಟೋ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹೋಗೋದು ಮರ್ಯಾದೆ ಅಲ್ಲ. ಮದ್ಯ ನೀವು ಮಾರೋ ಹಾಗಿಲ್ಲ, ಅದಕ್ಕೆ ಅಬಕಾರಿ ಪರವಾನಗಿ ಬೇಕು. "ಸುಮ್ಮನೆ ತಂದುಕೊಡಿ, ದುಡ್ಡು ಕೊಡ್ತೀವಿ" ಅನ್ನೋರಿಗೂ ಇಲ್ಲ ಅನ್ನಿ.

ಕೃಷಿ ಹೊಂಡ

ಇದನ್ನ ಎಲ್ಲಕ್ಕಿಂತ ಒತ್ತಿ ಹೇಳ್ತೀನಿ. ನಮ್ಮ ಮಕ್ಕಳಿಗೆ ಹೊಂಡದ ದಡ ಗೊತ್ತು, ಪಟ್ಟಣದ ಮಕ್ಕಳಿಗೆ ಗೊತ್ತಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಜಾರಿದ್ರೆ ಈಜು ಬರೋ ದೊಡ್ಡವರಿಗೂ ಮೇಲೆ ಬರೋದು ಕಷ್ಟ, ಹಾಳೆ ಮೇಲೆ ಕಾಲು ನಿಲ್ಲಲ್ಲ. ಬೇಲಿ ಇಲ್ಲದ ಹೊಂಡ, ಕಟ್ಟೆ ಇಲ್ಲದ ಬಾವಿ ಇಟ್ಕೊಂಡು ಒಬ್ಬ ಅತಿಥಿಯನ್ನೂ ಕರೀಬೇಡಿ. ನಾಲ್ಕು ಕಡೆ ಐದು ಅಡಿ ಬೇಲಿ, ಬೀಗ ಹಾಕೋ ಗೇಟು, ಒಳಗೆ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ದಡದಲ್ಲಿ ಗಾಳಿ ತುಂಬಿದ ಟ್ಯೂಬು ಒಂದು. ಕಾಟೇಜ್‌ಗೆ ಬಣ್ಣ ಹೊಡೆಯೋ ದುಡ್ಡಲ್ಲಿ ಇದು ಆಗುತ್ತೆ.

ಪಂಪ್ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ. ಸೋಲಾರ್ ಬೇಲಿಗೆ ಬೋರ್ಡು. ಕುಡುಗೋಲು, ಬ್ರಷ್ ಕಟರ್ ಕೊಟ್ಟಿಗೆಯೊಳಗೆ. ಕೋಣೆಯಿಂದ ಟಾಯ್ಲೆಟ್ ಹೊರಗಿದ್ರೆ ದಾರಿಗೆ ದೀಪ, ಅಕ್ಕಪಕ್ಕ ಸೌದೆ ರಾಶಿ ಇರಬಾರದು, ಹಾವಿಗೆ ಅದು ಅರಮನೆ. ಹಾವು ಕಡಿತದ ಔಷಧಿ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ, ರಾತ್ರಿ ಡಾಕ್ಟರ್ ಇರ್ತಾರಾ ಅಂತ ಹೋಗಿ ಕೇಳ್ಕೊಂಡು ಬನ್ನಿ. 108 ನಂಬರಿನ ಜೊತೆಗೆ ಊರಲ್ಲಿ ಕಾರಿರೋ ಇಬ್ಬರ ಫೋನ್ ನಂಬರನ್ನ ಕೋಣೆಯ ಬಾಗಿಲ ಹಿಂದೆ ಅಂಟಿಸಿ.

ಯಾರು ಬರ್ತಾರೆ, ಅವರಿಗೇನು ಬೇಕು

ಮಾಗಡಿ ಕಡೆಯ ನಮ್ಮ ತೋಟಕ್ಕೆ ಬರೋರಲ್ಲಿ ಹೆಚ್ಚಿನವರು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕುಟುಂಬಗಳು. ಅಜ್ಜ ಅಜ್ಜಿ, ಮಗ ಸೊಸೆ, ಇಬ್ಬರು ಮಕ್ಕಳು. ರೀಲ್ಸ್ ನೋಡಿ ಈಜುಕೊಳ ಹುಡುಕೋ ಗುಂಪಲ್ಲ ಇವರು. ಅಜ್ಜಿ ಕೇಳೋದು ಮೂರೇ: ಟಾಯ್ಲೆಟ್ ಕುರ್ಚಿ ಥರದ್ದಾ, ಬಿಸಿನೀರು ಎಷ್ಟೊತ್ತಿಗೆ, ಕಾಫಿ ಎಷ್ಟೊತ್ತಿಗೆ. ಮೂರಕ್ಕೂ ಸರಿಯಾದ ಉತ್ತರ ಕೊಟ್ರೆ ಕುಟುಂಬ ಮತ್ತೆ ಬರುತ್ತೆ. ಬೆಳಗ್ಗೆ ಆರಕ್ಕೆ ಬಿಸಿ ಕಾಫಿ ಕೈಗೆ ಕೊಟ್ಟು ನೋಡಿ, ನಿಮ್ಮ ಕೋಣೆಯ ಸುಣ್ಣ ಉದುರಿದ್ದು ಅವರ ಕಣ್ಣಿಗೆ ಬೀಳಲ್ಲ. ಟಾಯ್ಲೆಟ್‌ಗೆ ಕೈಪಿಡಿ ಹಾಕಿಸೋದು ಮರೀಬೇಡಿ.

ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಆಗುತ್ತಾ, ಮಾಂಸ ಬೇಕಾ ಅಂತ ಮುಂಚೆಯೇ ಕೇಳಿ. ಬುಕಿಂಗ್ ದುಡ್ಡು ತಗೊಳ್ಳೋ ಮುಂಚೆ ನಾನು ಕಳಿಸೋ ಮೆಸೇಜ್ ಇದು, ಬೇಕಿದ್ರೆ ನಿಮ್ಮ ಊರಿಗೆ ತಕ್ಕಂತೆ ತಿದ್ದಿ ಬಳಸಿ:

"ನಮಸ್ಕಾರ. ನಮ್ಮದು ತೋಟದ ಮನೆ, ರೆಸಾರ್ಟ್ ಅಲ್ಲ. ನಾವೂ ಇಲ್ಲೇ ಇರ್ತೀವಿ. ಕೋಣೆ ಒಂದು, ಟಾಯ್ಲೆಟ್ ಒಳಗೇ ಇದೆ. ಏಸಿ, ಟಿವಿ ಇಲ್ಲ. ಮನೆಯಲ್ಲಿ ಮಾಡಿದ ಊಟವನ್ನೇ ನಿಮಗೂ ಬಡಿಸ್ತೀವಿ, ಬೇಡದ್ದು ಏನಿದೆ ಮೊದಲೇ ತಿಳಿಸಿ. ರಾತ್ರಿ ಹತ್ತರ ಮೇಲೆ ಸದ್ದು ಬೇಡ, ಪಕ್ಕದ ತೋಟದವರು ಬೇಗ ಏಳ್ತಾರೆ. ಹೊಂಡದ ಹತ್ತಿರ ಮಕ್ಕಳನ್ನ ಒಂಟಿಯಾಗಿ ಬಿಡಬೇಡಿ. ಗೊಬ್ಬರದ ವಾಸನೆ, ಕೋಳಿ ಕೂಗು ಇರುತ್ತೆ. ಎಲ್ಲರ ಗುರುತಿನ ಚೀಟಿ ತನ್ನಿ."

ಇದನ್ನ ಓದಿ ಕೆಲವರು ಬರಲ್ಲ. ಬರದೇ ಇರೋದೇ ಒಳ್ಳೇದು. ಜೀವಾಮೃತದ ಡ್ರಮ್ ಹತ್ತಿರ ಮೂಗು ಮುಚ್ಕೊಂಡು ನಿಂತು, ಹೋದ ಮೇಲೆ ಒಂದು ಸ್ಟಾರ್ ಕೊಡೋರಿಗಿಂತ ಖಾಲಿ ಕೋಣೆ ವಾಸಿ.

ರಾತ್ರಿ ಉಳಿಸ್ಕೊಳ್ಳೋಕೆ ಧೈರ್ಯ ಬರದವರು ಹಗಲು ಅತಿಥಿಗಳಿಂದ ಶುರು ಮಾಡಿ. ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಹೊರಡೋರು, ಒಂದು ಊಟ, ಒಂದು ತಿಂಡಿ. ಹಾಸಿಗೆ ಇಲ್ಲ, ಒಗೆಯೋದಿಲ್ಲ. ನಿಮ್ಮ ಮನೆಯವರಿಗೆ ಹೊರಗಿನವರ ಜೊತೆ ಹೊಂದಿಕೆ ಆಗುತ್ತಾ ಅನ್ನೋದು ನಾಲ್ಕು ಭಾನುವಾರದಲ್ಲಿ ಗೊತ್ತಾಗುತ್ತೆ. ಬೆಳೆ ನೋಡ್ಕೊಂಡು ದಿನ ಆರಿಸಿ. ನಮ್ಮ ಕಡೆ ಏಪ್ರಿಲ್-ಮೇ ಮಾವು, ನವೆಂಬರ್-ಡಿಸೆಂಬರ್ ರಾಗಿ ಕೊಯ್ಲು, ಡಿಸೆಂಬರ್-ಜನವರಿ ಅವರೆ. ಅವರೆಬೇಳೆ ಮೇಳದಲ್ಲಿ ನೂಕುನುಗ್ಗಲಿನಲ್ಲಿ ತಿಂಡಿ ತಿನ್ನೋ ಕುಟುಂಬಕ್ಕೆ ಗಿಡದಿಂದ ಕಾಯಿ ಕಿತ್ತು, ಸೊಗಡು ಕೈಗೆ ಮೆತ್ತಿಸ್ಕೊಂಡು, ಸುಲಿದು, ಹಿತಕಿ ಸಾರು ಮಾಡಿಸ್ಕೊಂಡು ಉಣ್ಣೋದು ದೊಡ್ಡ ಸಂಭ್ರಮ. ಆದರೆ ನಾಟಿ, ಕೊಯ್ಲಿನ ಉತ್ತುಂಗದಲ್ಲಿ ಎರಡು ವಾರ ಕ್ಯಾಲೆಂಡರ್ ಮುಚ್ಚಿಬಿಡಿ. ಆಳುಗಳನ್ನ ನೋಡ್ಕೊಳ್ಳೋದಾ, ಅತಿಥಿಯನ್ನಾ ಅನ್ನೋ ಪರದಾಟದಲ್ಲಿ ಎರಡೂ ಕೆಡುತ್ತೆ.

ಬುಕಿಂಗ್‌ಗೆ ಆ್ಯಪ್ ಒಂದೇ ದಾರಿ ಅಲ್ಲ. ಗೂಗಲ್ ಮ್ಯಾಪ್‌ನಲ್ಲಿ ತೋಟದ ಹೆಸರು ಹಾಕೋಕೆ ದುಡ್ಡಿಲ್ಲ, ದಾರಿಯೂ ಸರಿಯಾಗಿ ತೋರಿಸುತ್ತೆ. ಆ್ಯಪ್‌ಗೆ ಹಾಕೋದಾದ್ರೆ ಅತಿಥಿ ಕೊಡೋ ಬೆಲೆ ನೋಡಬೇಡಿ, ಕಮಿಷನ್ ಕಳೆದು ನಿಮ್ಮ ಖಾತೆಗೆ ಬೀಳೋ ಮೊತ್ತ ಎಷ್ಟು ಅಂತ ನೋಡಿ. ರದ್ದು ಮಾಡಿದ್ರೆ ಎಷ್ಟು ವಾಪಸ್ ಕೊಡ್ಬೇಕು ಅನ್ನೋ ನಿಯಮವನ್ನೂ ಓದಿ. ಫೋಟೋದಲ್ಲಿ ಸೂರ್ಯಾಸ್ತ ಒಂದು ಸಾಕು, ಟಾಯ್ಲೆಟ್ಟಿಂದು ಎರಡು ಹಾಕಿ.

ಕೋಣೆ ಬಾಡಿಗೆಗಿಂತ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿರೋದು ಇನ್ನೊಂದು. ಹೊರಡೋವಾಗ ಜಗಲಿ ಮೇಲೆ ಸೊಪ್ಪು, ಹುರುಳಿಕಾಯಿ, ನಿಂಬೆಹಣ್ಣು, ಗಾಣದೆಣ್ಣೆ ಬೆಲೆ ಚೀಟಿ ಸಮೇತ ಇಟ್ಟಿರ್ತೀವಿ. ಒತ್ತಾಯ ಇಲ್ಲ. ಬೆಳೆಯೋದನ್ನ ಕಣ್ಣಾರೆ ನೋಡಿದವರು ಚೌಕಾಸಿ ಮಾಡಲ್ಲ. ಹೀಗೆ ಬಂದು ಹೋದ ಮನೆಗಳಲ್ಲಿ ಒಂದಿಪ್ಪತ್ತು ಮನೆಗೆ ಈಗ ಪ್ರತಿ ಬುಧವಾರ ತರಕಾರಿ ಬುಟ್ಟಿ ಹೋಗುತ್ತೆ, ಗಾಂಧಿಬಜಾರ್ ಸುತ್ತಮುತ್ತಲೇ ಒಂಬತ್ತು ಮನೆ. ಈ ಬುಟ್ಟಿಗೂ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಬೇಕು, ಪುಸ್ತಕ ತಗೊಳ್ಳುವಾಗ ಕಾಲಂ ಎಣಿಸಿ ತಗೊಳ್ಳಿ.